ಹತ್ತು ರೂಪಾಯಿ ನಾಣ್ಯ, ಮುಯ್ಯಿ, ಟೊಮೆಟೊ: ನಿರೀಕ್ಷೆ ಮತ್ತು ನ್ಯಾಯದ ಲೆಕ್ಕಾಚಾರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವನು. ಒಳ್ಳೆಯ ಪ್ರಶ್ನೆಗಳು ತರಗತಿಯಲ್ಲಿ ಬರುವುದು ಕಡಿಮೆ. ಬರುವುದೆಲ್ಲ ಬೆಲ್ ಹೊಡೆದ ಮೇಲೆ, ಬಸ್ ಸ್ಟಾಂಡಿನಲ್ಲಿ, ಇಲ್ಲವೇ ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತ ನಿಂತಾಗ. ಹಾಗೆ ಮತ್ತೆ ಮತ್ತೆ ಕೇಳಿಬಂದವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವಕ್ಕೆ ಉದ್ದ ಉತ್ತರ ಇದೆ, ಕೆಲವಕ್ಕೆ ಎರಡೇ ಸಾಲು.

ಅರ್ಥಶಾಸ್ತ್ರದಲ್ಲಿ "ನಿರೀಕ್ಷೆ" ಅಂದರೆ ಏನು? ಆಸೆ ಅಂತಲಾ?

ಅಲ್ಲ. ಮಳೆ ಬರಲಿ ಅನ್ನುವುದು ಆಸೆ. ಬಂದೇ ಬರುತ್ತದೆ ಅಂದುಕೊಂಡು ಬೀಜ, ಗೊಬ್ಬರ ತಂದಿಟ್ಟುಕೊಳ್ಳುವುದು ನಿರೀಕ್ಷೆ. ನಾಳೆ ಏನಾಗಬಹುದು, ಬೇರೆಯವರು ಏನು ಮಾಡಬಹುದು ಅನ್ನುವ ಅಂದಾಜಿನ ಮೇಲೆ ಇವತ್ತು ಕೈಯಲ್ಲಿರುವ ದುಡ್ಡನ್ನು ಏನು ಮಾಡುತ್ತೇವೆ ಅನ್ನುವುದೇ ಇಲ್ಲಿನ ವಿಷಯ.

ಹತ್ತು ರೂಪಾಯಿ ನಾಣ್ಯವನ್ನೇ ನೋಡಿ. ನಮ್ಮ ರಾಜ್ಯದ ಎಷ್ಟೋ ಊರುಗಳಲ್ಲಿ ಅದನ್ನು ವರ್ಷಗಟ್ಟಲೆ ಯಾರೂ ಮುಟ್ಟುತ್ತಿರಲಿಲ್ಲ. ರೂಪಾಯಿ ಚಿಹ್ನೆ ಇರುವುದು ಅಸಲಿ, ಇಲ್ಲದ್ದು ನಕಲಿ. ಹತ್ತು ಗೆರೆ ಇರುವುದು ಅಸಲಿ, ಹದಿನೈದು ಗೆರೆ ಇರುವುದು ನಕಲಿ ಅಂತ ಒಬ್ಬೊಬ್ಬರದು ಒಂದೊಂದು ಶಾಸ್ತ್ರ. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ 14 ವಿನ್ಯಾಸಗಳ ನಾಣ್ಯಗಳಿವೆ, ಹದಿನಾಲ್ಕೂ ಚಲಾವಣೆಯಲ್ಲಿವೆ ಎಂದು ಪ್ರಕಟಣೆಯನ್ನೇ ಹೊರಡಿಸಿತು. ಆಮೇಲೂ ಅಂಗಡಿಯವರು "ನಡೆಯಲ್ಲ ಸಾರ್" ಅನ್ನುವುದು ನಿಲ್ಲಲಿಲ್ಲ.

ಒಮ್ಮೆ ಕುತೂಹಲಕ್ಕೆ ನಮ್ಮ ಬೀದಿಯ ದಿನಸಿ ಅಂಗಡಿಯವರನ್ನು ಕೇಳಿದೆ. "ಅದು ಅಸಲಿ ಅಂತ ನನಗೂ ಗೊತ್ತು ಮೇಷ್ಟ್ರೇ. ನಾನು ಚಿಲ್ಲರೆಗೆ ಕೊಟ್ಟರೆ ಗಿರಾಕಿ ತಗೊಳ್ಳಲ್ವಲ್ಲ" ಅಂದರು. ಅಲ್ಲೇ ನಿಂತಿದ್ದ ಗಿರಾಕಿಯನ್ನು ಕೇಳಿದರೆ, "ಅಂಗಡಿಯವರು ತಗೊಳ್ಳಲ್ವಲ್ಲ, ಅದಕ್ಕೆ" ಅನ್ನುವ ಉತ್ತರ. ಇಬ್ಬರೂ ಹೇಳಿದ್ದು ನಿಜ. ಇಬ್ಬರಲ್ಲಿ ಯಾರೂ ದಡ್ಡರಲ್ಲ. ನಾಣ್ಯ ನಡೆಯುವುದಿಲ್ಲ ಎಂದು ಎಲ್ಲರೂ ನಿರೀಕ್ಷಿಸಿದ್ದರಿಂದಲೇ ಅದು ನಡೆಯಲಿಲ್ಲ. ರಿಸರ್ವ್ ಬ್ಯಾಂಕಿನ ಪ್ರಕಟಣೆ ನಾಣ್ಯದ ಬಗ್ಗೆ ಮಾತಾಡಿತು. ಜನರ ಅನುಮಾನ ಇದ್ದದ್ದು ಪಕ್ಕದವರ ಬಗ್ಗೆ.

ಸರಿ, "ಸಾಮಾಜಿಕ ಒಲವು" ಅಂದರೆ?

ನನಗೆ ಎಷ್ಟು ಸಿಕ್ಕಿತು ಅನ್ನುವುದರ ಜೊತೆಗೆ ಪಕ್ಕದವರಿಗೆ ಎಷ್ಟು ಸಿಕ್ಕಿತು, ಅದು ಸರಿಯಾಗಿ ಸಿಕ್ಕಿತೇ, ಅವರು ನನ್ನನ್ನು ಹೇಗೆ ನಡೆಸಿಕೊಂಡರು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯುವುದು. ನಮ್ಮಲ್ಲಿ ಇದಕ್ಕೆ ಹಳೆಯ ಮಾತೇ ಇದೆ: ಮುಯ್ಯಿ. ಮದುವೆ ಪತ್ರಿಕೆಯ ಕೆಳಗೆ "ಆಶೀರ್ವಾದವೇ ಉಡುಗೊರೆ" ಎಂದು ಅಚ್ಚು ಹಾಕಿಸಿರುತ್ತಾರೆ. ಹೋಗುವವರು 501 ರೂಪಾಯಿಯ ಕವರ್ ಇಟ್ಟುಕೊಂಡೇ ಹೋಗುತ್ತಾರೆ. ಎಷ್ಟೋ ಕಡೆ ಯಾರು ಎಷ್ಟು ಕೊಟ್ಟರು ಎಂದು ಬರೆದಿಡಲು ಒಂದು ನೋಟ್‌ಬುಕ್ಕೂ ಇರುತ್ತದೆ. ಹತ್ತು ವರ್ಷದ ಮೇಲೆ ಅವರ ಮನೆ ಮದುವೆಗೆ ಹೊರಡುವಾಗ ಆ ನೋಟ್‌ಬುಕ್ ತೆಗೆದು ನೋಡುತ್ತಾರೆ. ಕೊಟ್ಟಷ್ಟೇ ವಾಪಸ್ ಇಟ್ಟರೆ ಮುಖ ಸಪ್ಪಗಾಗುತ್ತದೆ, ತುಸು ಏರಿಸಬೇಕು.

ಹೊಲದಲ್ಲಿ ಇದೇ ಪದ್ಧತಿಗೆ ಮುಯ್ಯಾಳು ಅನ್ನುತ್ತಾರೆ. ಇವತ್ತು ನಿಮ್ಮ ಗದ್ದೆಯ ನಾಟಿಗೆ ನಮ್ಮ ಮನೆಯವರು, ನಾಳಿದ್ದು ನಮ್ಮ ಗದ್ದೆಗೆ ನಿಮ್ಮ ಮನೆಯವರು. ಕೂಲಿ ಇಲ್ಲ, ಕಾಗದ ಪತ್ರ ಇಲ್ಲ. ಜಾರ್ಜ್ ಅಕರ್ಲೋಫ್ ಎಂಬ ಅರ್ಥಶಾಸ್ತ್ರಜ್ಞ 1982ರಲ್ಲಿ ಕೂಲಿಯನ್ನೇ ಒಂದು ಬಗೆಯ ಉಡುಗೊರೆ ವಿನಿಮಯ ಎಂದು ವಿವರಿಸಿದಾಗ ಆ ಶಾಸ್ತ್ರದವರಿಗೆ ಹೊಸದೆನಿಸಿತು. ನಮ್ಮ ಅಜ್ಜಂದಿರಿಗೆ ಅನಿಸುತ್ತಿರಲಿಲ್ಲ.

ಮನುಷ್ಯ ಸ್ವಾರ್ಥಿ ಅಂತಲೇ ಅಲ್ವಾ ಅರ್ಥಶಾಸ್ತ್ರ ಹೇಳೋದು?

ಬಹಳ ಕಾಲ ಹಾಗೇ ಹೇಳಿತು. ಆ ಮಾತನ್ನು ಅಲುಗಾಡಿಸಿದ್ದು ಒಂದು ಸಣ್ಣ ಆಟ. 1982ರಲ್ಲಿ ಜರ್ಮನಿಯ ವರ್ನರ್ ಗುಥ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಆಡಿಸಿದ್ದು. ಅಲ್ಟಿಮೇಟಮ್ ಗೇಮ್ ಅನ್ನುತ್ತಾರೆ, ನಾನು ಪಾಠದಲ್ಲಿ "ಕೊನೆಮಾತಿನ ಆಟ" ಅನ್ನುತ್ತೇನೆ.

ನಿಮಗೆ 1,000 ರೂಪಾಯಿ ಕೊಡುತ್ತೇನೆ. ಪರದೆಯ ಆಚೆ ನಿಮಗೆ ಗೊತ್ತಿಲ್ಲದ ಇನ್ನೊಬ್ಬರು ಕೂತಿದ್ದಾರೆ. ಅವರಿಗೆ ಎಷ್ಟು ಅಂತ ನೀವು ಹೇಳಬೇಕು. ಅವರು ಒಪ್ಪಿದರೆ ಹಂಚಿಕೆ ಹಾಗೇ ನಡೆಯುತ್ತದೆ. ಬೇಡ ಅಂದರೆ ಇಬ್ಬರಿಗೂ ಸೊನ್ನೆ. ಒಂದೇ ಸಲ, ಚೌಕಾಸಿ ಇಲ್ಲ.

ಬರೀ ಸ್ವಾರ್ಥದ ಲೆಕ್ಕ ಹಾಕಿದರೆ ಹತ್ತು ರೂಪಾಯಿ ಕೊಟ್ಟರೂ ಆಚೆಯವರು ಒಪ್ಪಬೇಕು, ಏನೂ ಇಲ್ಲದ್ದಕ್ಕಿಂತ ಹತ್ತು ಮೇಲಲ್ಲವೇ? ನಡೆದದ್ದು ಬೇರೆ. ನಾನಾ ದೇಶಗಳಲ್ಲಿ ಈ ಆಟ ಆಡಿಸಿದಾಗ ಹೆಚ್ಚಿನವರು ಕೊಡಲು ಮುಂದಾಗುವುದು ಶೇ 40ರಿಂದ 50ರಷ್ಟು. ಶೇ 20ಕ್ಕಿಂತ ಕಡಿಮೆ ಕೊಟ್ಟರೆ ಸುಮಾರು ಅರ್ಧದಷ್ಟು ಸಲ ಆಚೆಯವರು ಒದ್ದುಬಿಡುತ್ತಾರೆ. ತಮ್ಮ ಕೈಯ ದುಡ್ಡು ಕಳೆದುಕೊಂಡಾದರೂ ಸರಿ, ಅವನಿಗೆ ಬುದ್ಧಿ ಬರಲಿ ಅಂತ.

ಕೊಡುವವರು ಅರ್ಧಕ್ಕೆ ಹತ್ತಿರ ಕೊಡುವುದು ಒಳ್ಳೆಯತನವೋ ಹೆದರಿಕೆಯೋ? ಇದನ್ನು ಬಿಡಿಸಲು ಇನ್ನೊಂದು ಆಟ ಕಟ್ಟಿದರು. ಅದರಲ್ಲಿ ಆಚೆಯವರಿಗೆ ಬೇಡ ಅನ್ನುವ ಹಕ್ಕೇ ಇಲ್ಲ, ಕೊಟ್ಟದ್ದನ್ನು ತೆಗೆದುಕೊಳ್ಳಬೇಕು. ಆಗ ಕೊಡುವ ಪ್ರಮಾಣ ಇಳಿಯುತ್ತದೆ, ನೂರಾರು ಪ್ರಯೋಗಗಳ ಸರಾಸರಿ ಸುಮಾರು ಶೇ 28. ಇಳಿಯುತ್ತದೆ, ಸೊನ್ನೆಗೆ ಬರುವುದಿಲ್ಲ. ಹಾಗಾಗಿ ಎರಡೂ ಇದೆ. ಒಂದಿಷ್ಟು ನ್ಯಾಯದ ಒಲವು, ಒಂದಿಷ್ಟು "ಆಚೆಯವನು ಒಪ್ಪದಿದ್ದರೆ?" ಎಂಬ ನಿರೀಕ್ಷೆ. ಇವೆರಡನ್ನೂ ನಾನು ಬೇರೆ ಬೇರೆ ಪಾಠವಾಗಿ ಮಾಡದಿರುವುದಕ್ಕೆ ಕಾರಣ ಇದೇ. ಬಿಡಿಸಲು ಹೋದಲ್ಲೆಲ್ಲ ಒಂದರ ಬುಡದಲ್ಲಿ ಇನ್ನೊಂದು ಸಿಗುತ್ತದೆ.

ಸಣ್ಣ ಮೊತ್ತಕ್ಕೆ ಸ್ವಾಭಿಮಾನ ತೋರಿಸಬಹುದು. ದೊಡ್ಡ ಮೊತ್ತ ಆದರೆ?

ಈ ಪ್ರಶ್ನೆ ಕೇಳದ ತರಗತಿಯೇ ಇಲ್ಲ. ನಮ್ಮ ದೇಶದ ಈಶಾನ್ಯದ ಹಳ್ಳಿಗಳಲ್ಲಿ ಅದನ್ನೂ ಪರೀಕ್ಷಿಸಿದ್ದಾರೆ, ಫಲಿತಾಂಶ 2011ರಲ್ಲಿ ಪ್ರಕಟವಾಯಿತು. 20 ರೂಪಾಯಿಯಿಂದ ಶುರುಮಾಡಿ 20,000 ರೂಪಾಯಿವರೆಗೆ ಮೊತ್ತ ಏರಿಸಿದರು. ಅಲ್ಲಿನ ದಿನಗೂಲಿಯವರಿಗೆ 20,000 ಅಂದರೆ ತಿಂಗಳುಗಟ್ಟಲೆ ದುಡಿಮೆ. ಮೊತ್ತ ಏರಿದಂತೆ ಬೇಡ ಅನ್ನುವವರು ಕಡಿಮೆಯಾಗುತ್ತ ಹೋದರು, ಕೊನೆಯ ಮೆಟ್ಟಿಲಲ್ಲಿ ಹೆಚ್ಚುಕಡಿಮೆ ಯಾರೂ ಉಳಿಯಲಿಲ್ಲ.

ಹಾಗಂತ ನ್ಯಾಯದ ಒಲವು ಬೂಟಾಟಿಕೆ ಅನ್ನಬೇಡಿ. ಅದಕ್ಕೂ ಒಂದು ಬೆಲೆ ಇದೆ, ಬೆಲೆ ಏರಿದರೆ ಕಡಿಮೆ ಕೊಳ್ಳುತ್ತೇವೆ, ಅಷ್ಟೆ. ಕುಟುಂಬದ ಆಸ್ತಿ ಪಾಲಿನಲ್ಲಿ ಲಕ್ಷಗಳನ್ನು ವಕೀಲರಿಗೆ ಸುರಿದು ಅರ್ಧ ಗುಂಟೆಗಾಗಿ ಹೊಡೆದಾಡುವ ಅಣ್ಣ ತಮ್ಮಂದಿರನ್ನು ನೋಡಿದವರು, ಕೆಲವರು ಎಷ್ಟು ಬೆಲೆಯಾದರೂ ಕೊಳ್ಳುತ್ತಾರೆ ಎಂದೂ ಹೇಳಬಲ್ಲರು.

ಇದು ಎಲ್ಲ ಊರಲ್ಲೂ ಒಂದೇ ಥರಾನಾ?

ಇಲ್ಲ. ಜೋಸೆಫ್ ಹೆನ್ರಿಕ್ ಎಂಬ ಮಾನವಶಾಸ್ತ್ರಜ್ಞ ಮತ್ತು ಸಂಗಡಿಗರು 15 ಸಣ್ಣ ಸಮುದಾಯಗಳಲ್ಲಿ ಈ ಆಟ ಆಡಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಪೆರುವಿನ ಮಾಚಿಗೆಂಗಾ ಜನ ಸರಾಸರಿ ಶೇ 26ರಷ್ಟು ಕೊಟ್ಟರು, ಅಷ್ಟಕ್ಕೂ ಆಚೆಯವರು ಬೇಸರಿಸಲಿಲ್ಲ. ಅಲ್ಲಿ ಮನೆಮನೆಯದೂ ಸ್ವಂತ ಬೇಸಾಯ, ಹೊರಗಿನವರ ಜೊತೆ ಕೊಡುಕೊಳ್ಳುವುದು ಕಡಿಮೆ. ಇಂಡೊನೇಷ್ಯಾದ ಲಮಲೆರಾ ಜನ ದೊಡ್ಡ ದೋಣಿಗಳಲ್ಲಿ ಗುಂಪಾಗಿ ಹೋಗಿ ತಿಮಿಂಗಿಲ ಬೇಟೆಯಾಡುವವರು, ಬೇಟೆಯ ಯಾವ ತುಂಡು ಯಾರಿಗೆ ಎಂಬುದಕ್ಕೆ ಕಟ್ಟುನಿಟ್ಟಾದ ಕಟ್ಟಳೆ ಇದೆ. ಅವರ ಸರಾಸರಿ ಶೇ 58. ಅರ್ಧಕ್ಕಿಂತ ಹೆಚ್ಚು!

ನನಗೆ ಅಚ್ಚುಮೆಚ್ಚಿನ ಉದಾಹರಣೆ ಪಾಪುವಾ ನ್ಯೂಗಿನಿಯ ಔ ಮತ್ತು ಗ್ನೌ ಜನರದು. ಅವರಲ್ಲಿ ಕೆಲವರು ಅರ್ಧಕ್ಕಿಂತ ಹೆಚ್ಚು ಕೊಟ್ಟರೂ ಬೇಡ ಅಂದರು. ದೊಡ್ಡ ಉಡುಗೊರೆ ತೆಗೆದುಕೊಂಡರೆ ಕೊಟ್ಟವರಿಗೆ ತಗ್ಗಿ ನಡೆಯಬೇಕು, ಅವರು ಕೇಳಿದಾಗ ತೀರಿಸಬೇಕು. ಅಲ್ಲಿನ ರಿವಾಜು ಹಾಗೆ. ಇದನ್ನು ಹೇಳಿದಾಗ ತರಗತಿಯಲ್ಲಿ ಹಳ್ಳಿಯಿಂದ ಬಂದ ಹುಡುಗಿಯೊಬ್ಬಳು ಥಟ್ಟನೆ, "ನಮ್ಮಮ್ಮನೂ ಅಷ್ಟೇ ಸಾರ್, ಯಾರಾದರೂ ರೇಷ್ಮೆ ಸೀರೆ ಕೊಟ್ಟರೆ ಹೆದರುತ್ತಾಳೆ" ಅಂದಳು. ಮುಯ್ಯಿ ಗೊತ್ತಿದ್ದವರಿಗೆ ಪಾಪುವಾ ನ್ಯೂಗಿನಿ ದೂರವಲ್ಲ.

ಕೊಟ್ಟ ಮೊತ್ತ ಮುಖ್ಯವೋ, ಕೊಟ್ಟವರ ಮನಸ್ಸು ಮುಖ್ಯವೋ?

ಮನಸ್ಸೂ ಮುಖ್ಯ, ಅದನ್ನು ಅಳೆದೂ ತೋರಿಸಿದ್ದಾರೆ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹಂಚುವವನ ಮುಂದೆ ಎರಡೇ ಆಯ್ಕೆ ಇಟ್ಟರು. "ಹತ್ತರಲ್ಲಿ ಎಂಟು ನನಗೆ, ಎರಡು ನಿನಗೆ" ಅನ್ನುವುದು ಪ್ರತಿ ಸಲವೂ ಒಂದು ಆಯ್ಕೆ. ಇನ್ನೊಂದನ್ನು ಬದಲಾಯಿಸುತ್ತ ಹೋದರು. ಇನ್ನೊಂದು ಆಯ್ಕೆ ಐದು-ಐದು ಇದ್ದಾಗ, ಎಂಟು-ಎರಡನ್ನು ಬೇಡ ಅಂದವರು ಸುಮಾರು ಶೇ 44. ಇನ್ನೊಂದು ಆಯ್ಕೆ "ಹತ್ತೂ ನನಗೆ" ಇದ್ದಾಗ, ಅದೇ ಎಂಟು-ಎರಡನ್ನು ಬೇಡ ಅಂದವರು ಶೇ 9ರಷ್ಟು ಮಾತ್ರ. ಸಿಗುವುದು ಎರಡೂ ಸಲ ಹತ್ತರಲ್ಲಿ ಅದೇ ಎರಡು. ಮೊದಲನೆಯವನಿಗೆ ಸಮ ಹಂಚುವ ದಾರಿ ಇತ್ತು, ಆದರೂ ಹಂಚಲಿಲ್ಲ. ಎರಡನೆಯವನು ಪೂರ್ತಿ ನುಂಗಬಹುದಿತ್ತು, ನುಂಗಲಿಲ್ಲ.

ಮಳೆ ಬಂದಾಗ ಆಟೋದವರು ಜಾಸ್ತಿ ಕೇಳಿದರೆ ಮೈ ಉರಿಯುತ್ತೆ. ಬೇಡಿಕೆ ಹೆಚ್ಚಿದರೆ ಬೆಲೆ ಹೆಚ್ಚೋದು ನಿಯಮ ತಾನೇ?

ನಿಯಮ ಹೌದು, ಸಿಟ್ಟೂ ಹೌದು. 1986ರಲ್ಲಿ ಡೇನಿಯಲ್ ಕಾನ್‌ಮನ್, ಜ್ಯಾಕ್ ನೆಟ್ಷ್, ರಿಚರ್ಡ್ ಥೇಲರ್ ಎಂಬ ಮೂವರು ಸಂಶೋಧಕರು ಕೆನಡಾದ ಜನರಿಗೆ ಒಂದು ಪ್ರಶ್ನೆ ಕೇಳಿದರು. ಹಾರ್ಡ್‌ವೇರ್ ಅಂಗಡಿಯವನು ಹಿಮ ಎತ್ತುವ ಸಲಿಕೆಯನ್ನು 15 ಡಾಲರಿಗೆ ಮಾರುತ್ತಿದ್ದ. ರಾತ್ರಿ ಜೋರು ಹಿಮ ಬಿತ್ತು. ಬೆಳಿಗ್ಗೆ ಬೆಲೆ 20 ಮಾಡಿದ. ಸರಿಯೇ? ಶೇ 82 ಮಂದಿ ಅನ್ಯಾಯ ಅಂದರು. ಅದೇ ಸಂಶೋಧನೆಯಲ್ಲಿ ಕಂಡ ಇನ್ನೊಂದು ವಿಷಯ ಇನ್ನೂ ಉಪಯುಕ್ತ: ವ್ಯಾಪಾರಿಗೇ ಖರ್ಚು ಹೆಚ್ಚಾಗಿ ಬೆಲೆ ಏರಿಸಿದರೆ ಜನ ಒಪ್ಪುತ್ತಾರೆ, ನಮ್ಮ ಇಕ್ಕಟ್ಟನ್ನು ನೋಡಿ ಏರಿಸಿದರೆ ಒಪ್ಪುವುದಿಲ್ಲ.

ಬೆಂಗಳೂರಿನ ಆಟೋ ಮಾತುಕತೆ ಪೂರ್ತಿ ಇದರ ಮೇಲೇ ನಿಂತಿದೆ. 2025ರ ಆಗಸ್ಟ್ 1ರಿಂದ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 18. ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಒಂದೂವರೆ ಪಟ್ಟು. ರಾತ್ರಿಯ ಒಂದೂವರೆಗೆ ಯಾರೂ ಜಗಳ ಆಡುವುದಿಲ್ಲ, ನಿದ್ದೆಗೆಟ್ಟು ಓಡಿಸುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತು. ಸಂಜೆ ಮಳೆಗೆ "ಮೀಟರ್ ಮೇಲೆ ಐವತ್ತು ಕೊಡಿ" ಅಂದರೆ ರಕ್ತ ಕುದಿಯುತ್ತದೆ. ಜಾಣ ಚಾಲಕರು ಇದನ್ನು ಯಾವ ಪಾಠ ಓದದೆಯೂ ಬಲ್ಲರು, "ಮಳೆ ಸಾರ್" ಅನ್ನುವುದಿಲ್ಲ. "ವಾಪಸ್ ಖಾಲಿ ಬರಬೇಕು ಸಾರ್" ಅನ್ನುತ್ತಾರೆ. ಅಂದರೆ ಬೇಡಿಕೆಯ ಮಾತನ್ನು ಖರ್ಚಿನ ಮಾತಾಗಿ ತಿರುಗಿಸುತ್ತಾರೆ.

ನಂದಿನಿ ಹಾಲಿನಲ್ಲೂ ಇದೇ ಕಂಡಿತು. 2024ರ ಜೂನ್‌ನಲ್ಲಿ ಪ್ಯಾಕೆಟ್ಟಿಗೆ 50 ಮಿಲಿ ಹೆಚ್ಚು ಹಾಲು ತುಂಬಿ 2 ರೂಪಾಯಿ ಏರಿಸಿದರು. ಇದು ಬೆಲೆ ಏರಿಕೆಯಲ್ಲ, ಹೆಚ್ಚುವರಿ ಹಾಲಿನ ದರ ಎಂದು ಸಮರ್ಥನೆ. ಲೆಕ್ಕ ತಪ್ಪಿರಲಿಲ್ಲ, ಆದರೂ ಜನ ಗೊಣಗಿದರು. ಕೇಳದ 50 ಮಿಲಿಯನ್ನು ಬಲವಂತವಾಗಿ ಕೊಟ್ಟು ದುಡ್ಡು ತೆಗೆದುಕೊಂಡಂತೆ ಅನಿಸಿತು. 2025ರ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ನೇರವಾಗಿಯೇ ಏರಿಸಿ, ಪ್ಯಾಕೆಟ್ಟನ್ನು ಹಳೆಯ ಅಳತೆಗೆ ತಂದು, ಆ ನಾಲ್ಕು ರೂಪಾಯಿ ಹಾಲು ಹಾಕುವ ರೈತರಿಗೇ ಹೋಗುತ್ತದೆ ಎಂದರು. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ನೆಟ್ಟಗಿನ ಮಾತು. ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದು ಗೊತ್ತಿದ್ದರೆ ಕೊಡುವ ಕೈ ಅಷ್ಟು ಬಿಗಿಯಾಗುವುದಿಲ್ಲ.

ಟೊಮೆಟೊ ಬೆಳೆಗಾರರು ಪ್ರತಿ ಸಲ ಮೋಸ ಹೋಗೋದು ಯಾಕೆ? ಕಲಿಯೋದೇ ಇಲ್ವಾ?

ಈ ಪ್ರಶ್ನೆಯ ಧಾಟಿಯೇ ನನಗೆ ಹಿಡಿಸುವುದಿಲ್ಲ, ಆದರೂ ಉತ್ತರಿಸುತ್ತೇನೆ.

2023ರ ಜುಲೈ ನೆನಪಿಸಿಕೊಳ್ಳಿ. ಅಂಗಡಿಯಲ್ಲಿ ಟೊಮೆಟೊ ಕೆಜಿಗೆ ನೂರು ದಾಟಿತ್ತು. ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ಮೀರಿ ಹರಾಜಾಯಿತು. ಹೊಲಕ್ಕೆ ರಾತ್ರಿ ಕಾವಲು ಹಾಕಿದ್ದರು. ಅದಕ್ಕೆ ಮುಂಚೆ, ಬೇಸಿಗೆಯಲ್ಲಿ, ಬೆಲೆ ಬಿದ್ದುಹೋಗಿ ಎಷ್ಟೋ ಮಂದಿ ನಾಟಿಯನ್ನೇ ಕೈಬಿಟ್ಟಿದ್ದರು. ಹಾಕಿದವರ ಗಿಡಕ್ಕೆ ವೈರಸ್ ರೋಗ ಬಂತು. ಮಾಲು ಕಡಿಮೆಯಾಯಿತು, ಬೆಲೆ ಹಾರಿತು. ಆ ಬೆಲೆ ನೋಡಿದವರೆಲ್ಲ ನರ್ಸರಿಗೆ ಓಡಿ ಸಸಿ ತಂದರು. ಟೊಮೆಟೊ ನಾಟಿ ಮಾಡಿದ ಮೇಲೆ ಕಾಯಿ ಕೈಗೆ ಬರಲು ಎರಡು ತಿಂಗಳಾದರೂ ಬೇಕು. ಸೆಪ್ಟೆಂಬರ್ ಹೊತ್ತಿಗೆ ಎಲ್ಲರ ಮಾಲೂ ಒಟ್ಟಿಗೆ ಬಂತು, ಬೆಲೆ ನೆಲ ಕಚ್ಚಿತು.

ಇವತ್ತಿನ ಬೆಲೆಯೇ ಕೊಯ್ಲಿನ ದಿನವೂ ಇರುತ್ತದೆ ಎಂದು ಎಲ್ಲರೂ ನಂಬಿದರೆ, ಆ ದಿನ ಆ ಬೆಲೆ ಇರಲು ಸಾಧ್ಯವೇ ಇಲ್ಲ. 1930ರ ದಶಕದಲ್ಲೇ ಇದರ ಚಿತ್ರ ಬರೆದಿದ್ದರು. ಬೇಡಿಕೆ ಪೂರೈಕೆಯ ಗೆರೆಗಳ ನಡುವೆ ಬೆಲೆ ಸುತ್ತುವುದು ಜೇಡರ ಬಲೆಯಂತೆ ಕಾಣುತ್ತದೆ, ಹೆಸರೂ ಅದೇ.

ಮಲೆನಾಡಿನವರಿಗೆ ಇದರ ದೊಡ್ಡ ರೂಪ ನೆನಪಿದೆ: ವೆನಿಲ್ಲಾ. 2000ದ ಏಪ್ರಿಲ್‌ನಲ್ಲಿ ಹುದಾ ಎಂಬ ಚಂಡಮಾರುತ ಮಡಗಾಸ್ಕರಿನ ವೆನಿಲ್ಲಾ ತೋಟಗಳನ್ನು ಹಾಳುಮಾಡಿತು. ಪ್ರಪಂಚದ ವೆನಿಲ್ಲಾದ ದೊಡ್ಡ ಪಾಲು ಬೆಳೆಯುವುದು ಅಲ್ಲೇ. 2003ರ ಹೊತ್ತಿಗೆ ಇಲ್ಲಿ ಹಸಿ ಕೋಡು ಕೆಜಿಗೆ ಸಾವಿರಾರು ರೂಪಾಯಿ. ಅಡಿಕೆ ತೋಟದ ಮರಮರಕ್ಕೂ ಬಳ್ಳಿ ಹಬ್ಬಿಸಿದರು. ಒಂದು ಗೇಣು ಬಳ್ಳಿಯ ತುಂಡನ್ನೂ ದುಡ್ಡು ಕೊಟ್ಟು ತಂದರು. ಬೆಳಿಗ್ಗೆ ಬೇಗ ಎದ್ದು ಒಂದೊಂದೇ ಹೂವಿಗೆ ಕೈಯಲ್ಲಿ ಪರಾಗಸ್ಪರ್ಶ ಮಾಡುವ ಕಸುಬು ಕಲಿತರು. ಬಳ್ಳಿ ಹೂ ಬಿಡಲು ಮೂರು ವರ್ಷ ಬೇಕು. ಆ ಮೂರು ವರ್ಷದಲ್ಲಿ ಮಡಗಾಸ್ಕರ್ ಚೇತರಿಸಿಕೊಂಡಿತ್ತು, ಬೇರೆ ದೇಶಗಳೂ ನೆಟ್ಟಿದ್ದವು, ಐಸ್‌ಕ್ರೀಮ್ ಕಂಪನಿಗಳು ಕೃತಕ ಪರಿಮಳಕ್ಕೆ ತಿರುಗಿದ್ದವು. 2005ರಷ್ಟರಲ್ಲಿ ಬೆಲೆ ಪಾತಾಳಕ್ಕೆ ಇಳಿದಿತ್ತು.

ಕಲಿಯುವುದಿಲ್ಲವೇ ಅಂದಿರಿ. 1961ರಲ್ಲಿ ಜಾನ್ ಮುತ್ ಎಂಬ ಅರ್ಥಶಾಸ್ತ್ರಜ್ಞ ಎತ್ತಿದ್ದು ಹೆಚ್ಚುಕಡಿಮೆ ಇದೇ ಆಕ್ಷೇಪ. ರೈತರು ಅಷ್ಟು ದಡ್ಡರಾಗಿದ್ದರೆ, ಬಲೆಯ ಲೆಕ್ಕ ಗೊತ್ತಿರುವ ಯಾರಾದರೂ ಅವರನ್ನು ದೋಚಿ ಶ್ರೀಮಂತರಾಗುತ್ತಿದ್ದರಲ್ಲ? ಜನರ ನಿರೀಕ್ಷೆ ಸರಾಸರಿಯಲ್ಲಿ ಸರಿಯಾಗಿಯೇ ಇರುತ್ತದೆ ಅನ್ನುವ ವಾದ ಹುಟ್ಟಿದ್ದು ಅಲ್ಲಿಂದ. ಅದರಲ್ಲಿ ಅರ್ಧ ಸತ್ಯವಿದೆ. ಕೋಲಾರದ ರೈತ ಬಲೆಯನ್ನು ಬಲ್ಲ. ಆದರೆ ಪಕ್ಕದ ತಾಲ್ಲೂಕಿನವರು, ಮದನಪಲ್ಲಿಯವರು, ನಾಸಿಕದವರು ಎಷ್ಟು ಎಕರೆ ಹಾಕಿದ್ದಾರೆ ಅನ್ನುವುದು ಅವನಿಗೆ ಕಾಣುವುದಿಲ್ಲ. ಕಾಣುವುದು ಇವತ್ತಿನ ಹರಾಜು ಬೆಲೆ ಒಂದೇ. ಹಾಕಿ ಕಳೆದುಕೊಂಡರೆ ಊರೆಲ್ಲ ಕಳೆದುಕೊಂಡಿರುತ್ತದೆ. ಹಾಕದೆ ಇದ್ದು ಪಕ್ಕದ ಹೊಲದವನು ಹೊಸ ಟ್ರ್ಯಾಕ್ಟರ್ ತಂದರೆ, ಆ ನೋವು ಅವನೊಬ್ಬನದೇ.

ಎಲ್ಲರೂ ಹಾಕಿದಾಗ ನಾನು ಬಿಟ್ಟು, ಎಲ್ಲರೂ ಬಿಟ್ಟಾಗ ಹಾಕಿದರೆ ಗೆಲ್ಲಬಹುದಲ್ಲ?

ಇದೇ ಲೆಕ್ಕ ಎಲ್ಲರೂ ಹಾಕದಿದ್ದರೆ ಗೆಲ್ಲಬಹುದು. ಒಂದು ಆಟ: ಎಲ್ಲರೂ 0ಯಿಂದ 100ರೊಳಗೆ ಒಂದು ಸಂಖ್ಯೆ ಬರೆಯಿರಿ. ಎಲ್ಲರ ಸರಾಸರಿಯ ಮೂರನೇ ಎರಡು ಭಾಗಕ್ಕೆ ಹತ್ತಿರ ಬರೆದವರಿಗೆ ಬಹುಮಾನ. ಸರಾಸರಿ 50 ಇರಬಹುದು ಅಂದುಕೊಂಡವರು 33 ಬರೆಯುತ್ತಾರೆ. ಎಲ್ಲರೂ 33 ಬರೆಯುತ್ತಾರೆ ಅಂದುಕೊಂಡವರು 22. ಹೀಗೇ ಯೋಚಿಸುತ್ತ ಹೋದರೆ ಕೊನೆಗೆ ಸೊನ್ನೆ. 1997ರಲ್ಲಿ ಥೇಲರ್ ಇದನ್ನು ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆಯ ಓದುಗರಿಗೆ ಆಡಿಸಿದರು. ಸರಾಸರಿ 18.9 ಬಂತು, ಗೆದ್ದ ಸಂಖ್ಯೆ 13. ತರ್ಕ ಪೂರ್ತಿ ಬಲ್ಲವರು ಸೊನ್ನೆಯೋ ಒಂದೋ ಬರೆದು ಸೋತರು. ಬೇರೆಯವರು ಎಷ್ಟು ಹೆಜ್ಜೆ ಯೋಚಿಸುತ್ತಾರೋ ಅದಕ್ಕಿಂತ ಒಂದೇ ಹೆಜ್ಜೆ ಮುಂದಿರಬೇಕು, ನಾಲ್ಕು ಹೆಜ್ಜೆ ಮುಂದೆ ಹೋದರೂ ಸೋಲೇ. ಷೇರು ಪೇಟೆಯಲ್ಲಿ ಕೈಸುಟ್ಟುಕೊಂಡ ಜಾಣರಿಗೆ ಇದು ಚೆನ್ನಾಗಿ ಗೊತ್ತು.

ಬರೀ ಗಾಳಿಸುದ್ದಿಗೆ ಬ್ಯಾಂಕ್ ಮುಳುಗುತ್ತಾ?

ಮುಳುಗಬಹುದು. ನಾವಿಟ್ಟ ದುಡ್ಡು ಬ್ಯಾಂಕಿನ ಲಾಕರಿನಲ್ಲಿ ಕೂತಿರುವುದಿಲ್ಲ, ಯಾರದೋ ಮನೆ ಸಾಲ, ಟ್ರ್ಯಾಕ್ಟರ್ ಸಾಲ ಆಗಿರುತ್ತದೆ. ಎಲ್ಲರೂ ಒಂದೇ ದಿನ ವಾಪಸ್ ಕೇಳಿದರೆ ಗಟ್ಟಿಮುಟ್ಟಾದ ಬ್ಯಾಂಕೂ ಕೊಡಲಾರದು. ಎಲ್ಲರೂ ಕೇಳುತ್ತಾರೆ ಅನ್ನುವ ಅನುಮಾನ ಬಂದರೆ, ಮೊದಲು ಹೋಗಿ ಸಾಲಿನಲ್ಲಿ ನಿಲ್ಲುವುದೇ ಜಾಣತನ. 1983ರಲ್ಲಿ ಇದರ ಗಣಿತ ಬರೆದ ಡಗ್ಲಸ್ ಡೈಮಂಡ್ ಮತ್ತು ಫಿಲಿಪ್ ಡಿಬ್ವಿಗ್‌ ಅವರಿಗೆ 2022ರಲ್ಲಿ ನೊಬೆಲ್ ಬಂತು. ಮರುವರ್ಷವೇ, 2023ರ ಮಾರ್ಚ್ 9ರಂದು, ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಜನ ಒಂದೇ ದಿನ 42 ಬಿಲಿಯನ್ ಡಾಲರ್ ತೆಗೆಯಲು ನಿಂತರು. ಸಾಲಿನಲ್ಲಲ್ಲ, ಫೋನಿನಲ್ಲಿ.

ಇದಕ್ಕೆ ಮದ್ದು ಠೇವಣಿ ವಿಮೆ, ಅಂದರೆ ಬ್ಯಾಂಕ್ ಮುಳುಗಿದರೂ ಒಂದು ಮಿತಿಯವರೆಗೆ ನಮ್ಮ ದುಡ್ಡು ವಾಪಸ್ ಸಿಗುತ್ತದೆ ಎಂಬ ಭರವಸೆ. ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ 1960ರಲ್ಲಿ ಮುಚ್ಚಿದ ಮೇಲೆ ನಮ್ಮ ದೇಶದಲ್ಲಿ 1962ರಿಂದ ಜಾರಿಗೆ ಬಂತು. ಆಗಿನ ಮಿತಿ 1,500 ರೂಪಾಯಿ. 1993ರಲ್ಲಿ 1 ಲಕ್ಷ, 2020ರ ಫೆಬ್ರುವರಿಯಿಂದ 5 ಲಕ್ಷ. ವಿಮೆಯ ಸೊಗಸು ಇರುವುದು ದುಡ್ಡು ಕೊಡುವುದರಲ್ಲಲ್ಲ. ಕೊಡುತ್ತಾರೆ ಎಂಬ ನಂಬಿಕೆಗೇ ಜನ ಮನೆಯಲ್ಲಿ ಕೂರುತ್ತಾರೆ, ಕೊಡುವ ಪ್ರಸಂಗವೇ ಬರುವುದಿಲ್ಲ.

ಒಂದು ಎಚ್ಚರಿಕೆ: ಎಲ್ಲ ಬ್ಯಾಂಕ್ ಕುಸಿತವೂ ಗಾಳಿಸುದ್ದಿಯದಲ್ಲ. ಒಳಗೇ ತೂತು ಬಿದ್ದ ಬ್ಯಾಂಕಿನ ಮುಂದೆ ಸಾಲುಗಟ್ಟಿದ ಹಿರಿಯರನ್ನು ನಾವು ನೋಡಿದ್ದೇವೆ. ಅವರ ನಿರೀಕ್ಷೆ ತಪ್ಪಾಗಿರಲಿಲ್ಲ, ತಡವಾಗಿತ್ತು.

ಬೆಲೆ ಏರಿಕೆ ಕಡಿಮೆ ಆಯ್ತು ಅಂತ ಪೇಪರ್‌ನಲ್ಲಿ ಬರುತ್ತೆ. ನಮಗೆ ಯಾಕೆ ಹಾಗೆ ಅನಿಸಲ್ಲ?

2025ರ ಅಕ್ಟೋಬರಿನಲ್ಲಿ ಚಿಲ್ಲರೆ ಹಣದುಬ್ಬರ ಶೇ 0.25ಕ್ಕೆ ಇಳಿದಿತ್ತು. ಅದೇ ಸುಮಾರಿನಲ್ಲಿ ರಿಸರ್ವ್ ಬ್ಯಾಂಕಿನ ಸಮೀಕ್ಷೆಗಳಲ್ಲಿ ಸಾಮಾನ್ಯ ಕುಟುಂಬಗಳು ಹೇಳಿದ ಹಣದುಬ್ಬರದ ಅಂದಾಜು ಶೇ 6ಕ್ಕಿಂತ ಮೇಲೆ. ಇಷ್ಟು ಅಂತರ ಹೊಸದೇನಲ್ಲ. ದಿನಾ ಕೊಳ್ಳುವ ವಸ್ತುವಿನ ಬೆಲೆ ತಲೆಯಲ್ಲಿ ಕೂರುತ್ತದೆ, ಏರಿದ್ದು ನೆನಪಿರುತ್ತದೆ, ಇಳಿದದ್ದು ಮರೆತುಹೋಗುತ್ತದೆ. ಮೇಲಾಗಿ ಹಣದುಬ್ಬರ ಇಳಿಯಿತು ಅಂದರೆ ಬೆಲೆ ಇಳಿಯಿತು ಅಂತಲ್ಲ, ಏರುವ ವೇಗ ಇಳಿಯಿತು ಅಂತ. ರಿಸರ್ವ್ ಬ್ಯಾಂಕ್ ಈ ಸಮೀಕ್ಷೆಗೆ ತಲೆ ಕೆಡಿಸಿಕೊಳ್ಳುವುದಕ್ಕೂ ಕಾರಣವಿದೆ. ಬಾಡಿಗೆ, ಕೂಲಿ, ಸಂಬಳ ಕೇಳುವವರು ಸರ್ಕಾರದ ಸಂಖ್ಯೆ ನೋಡಿ ಕೇಳುವುದಿಲ್ಲ, ತಮ್ಮ ಅಂದಾಜು ನೋಡಿ ಕೇಳುತ್ತಾರೆ.

ಪಕ್ಕದ ಸೀಟಿನವನ ಸಂಬಳ ಗೊತ್ತಾದ ದಿನದಿಂದ ಕೆಲಸದಲ್ಲಿ ಮನಸ್ಸಿಲ್ಲ. ಇದು ಹೊಟ್ಟೆಕಿಚ್ಚಾ?

ಇರಬಹುದು, ಆದರೆ ನೀವೊಬ್ಬರೇ ಅಲ್ಲ. ಎಮಿಲಿ ಬ್ರೇಜಾ, ಸುಪ್ರೀತ್ ಕೌರ್, ಯೋಗಿತಾ ಶಾಮದಾಸಾನಿ ಎಂಬ ಅರ್ಥಶಾಸ್ತ್ರಜ್ಞರು ಒಡಿಶಾದಲ್ಲಿ 378 ಕೂಲಿ ಕಾರ್ಮಿಕರನ್ನು ಮೂರು ಮೂರು ಜನರ ತಂಡಗಳಾಗಿ ತಿಂಗಳ ಕಾಲ ಕೆಲಸಕ್ಕೆ ಹಚ್ಚಿದರು. ಕೆಲವು ತಂಡಗಳಲ್ಲಿ ಮೂವರಿಗೂ ಒಂದೇ ಕೂಲಿ, ಕೆಲವಲ್ಲಿ ಬೇರೆ ಬೇರೆ. ತನ್ನ ಕೂಲಿ ಮೊದಲಿನಷ್ಟೇ ಇದ್ದರೂ ಜೊತೆಯವರಿಗಿಂತ ಕಡಿಮೆ ಎಂದು ಗೊತ್ತಾದವರ ಕೆಲಸ ಇಳಿಯಿತು, ಹಾಜರಾತಿಯೂ ಶೇಕಡಾ 18 ಅಂಶದಷ್ಟು ಬಿತ್ತು. ರಜೆ ಹಾಕಿದ ದಿನ ಕೂಲಿ ಇಲ್ಲ, ಆದರೂ ಬರಲಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು, ಜೊತೆಯವನು ನಿಜಕ್ಕೂ ಹೆಚ್ಚು ಕೆಲಸ ಮಾಡುತ್ತಾನೆ ಎಂದು ಕಣ್ಣಿಗೆ ಕಾಣುವಂಥ ಕೆಲಸಗಳಲ್ಲಿ ಈ ಬೇಸರ ಕಾಣಲಿಲ್ಲ. ಜನಕ್ಕೆ ವ್ಯತ್ಯಾಸ ಚುಚ್ಚಲಿಲ್ಲ, ಕಾರಣವಿಲ್ಲದ ವ್ಯತ್ಯಾಸ ಚುಚ್ಚಿತು. ನಿಮ್ಮ ಪಕ್ಕದ ಸೀಟಿನವನು ಏನು ಮಾಡುತ್ತಾನೆ ಅನ್ನುವುದು ನಿಮಗೇ ಗೊತ್ತು.

ಜಾತಿ ಇದರಲ್ಲಿ ಎಲ್ಲಿ ಬರುತ್ತೆ?

ನಿರೀಕ್ಷೆಯಲ್ಲೇ ಬರುತ್ತದೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಶಾಲಾ ಹುಡುಗರಿಗೆ ದಾರಿ ಹುಡುಕುವ ಚಕ್ರವ್ಯೂಹದ ಒಗಟು ಕೊಟ್ಟರು. ಬಿಡಿಸಿದ ಒಂದೊಂದಕ್ಕೂ ದುಡ್ಡು. ಯಾರ ಜಾತಿಯನ್ನೂ ಹೇಳದಿದ್ದಾಗ ಕೆಳಜಾತಿಯ ಮಕ್ಕಳೂ ಮೇಲ್ಜಾತಿಯ ಮಕ್ಕಳೂ ಸಮಸಮ. ಎಲ್ಲರೆದುರು ಹೆಸರು, ಊರು, ಜಾತಿ ಓದಿ ಹೇಳಿದ ಮೇಲೆ ಕೆಳಜಾತಿಯ ಮಕ್ಕಳು ಬಿಡಿಸಿದ ಒಗಟುಗಳ ಸಂಖ್ಯೆ ಸುಮಾರು ಕಾಲು ಭಾಗ ಇಳಿಯಿತು. ಒಗಟು ಅದೇ, ಮಕ್ಕಳ ಬುದ್ಧಿಯೂ ಅದೇ. ಎಷ್ಟು ಮಾಡಿದರೂ ಇವರು ನಮಗೆ ಸರಿಯಾಗಿ ಕೊಡುವುದಿಲ್ಲ ಎಂಬ, ಬದುಕಿನಿಂದ ಕಲಿತ ಅಂದಾಜೂ ಇದರ ಹಿಂದಿದೆ ಎಂದು ಸಂಶೋಧಕರು ಓದಿದರು. ಹಾಜರಿ ಪುಸ್ತಕದಲ್ಲಿ ಜಾತಿಯ ಕಾಲಂ ನೋಡಿ ವಿದ್ಯಾರ್ಥಿವೇತನದ ಅರ್ಜಿಯನ್ನು ತರಗತಿಯಲ್ಲೇ ಗಟ್ಟಿಯಾಗಿ ಕೂಗಿ ಕೊಡುವ ಮೇಷ್ಟ್ರುಗಳು ಇದನ್ನೊಮ್ಮೆ ಓದಬೇಕು. ನಾನೂ ಮೊದಲ ಕೆಲವು ವರ್ಷ ಹಾಗೆ ಕೂಗಿದ್ದೇನೆ.

ಜನ ಹೇಳಿದ ಮಾತು ಕೇಳಲ್ಲ. ದಂಡ ಹಾಕಿದರೆ ಸರಿಹೋಗಲ್ವಾ?

ಅಪಾರ್ಟ್‌ಮೆಂಟ್ ಸಂಘದವರ ಪ್ರಶ್ನೆ ಇದು, ಪ್ರತಿ ಸಲವೂ. ಇಸ್ರೇಲಿನ ಹೈಫಾ ಊರಿನ ಶಿಶುವಿಹಾರಗಳ ಕಥೆ ಕೇಳಿ. ಸಂಜೆ ಮಕ್ಕಳನ್ನು ಕರೆದೊಯ್ಯಲು ಅಪ್ಪ ಅಮ್ಮಂದಿರು ತಡವಾಗಿ ಬರುತ್ತಿದ್ದರು. ಹತ್ತರಲ್ಲಿ ಆರು ಕಡೆ, ಹತ್ತು ನಿಮಿಷ ಮೀರಿದರೆ 10 ಶೆಕೆಲ್ ದಂಡ ಎಂದು ಬೋರ್ಡ್ ಹಾಕಿದರು. ತಡವಾಗಿ ಬರುವವರು ಹೆಚ್ಚುತ್ತ ಹೋಗಿ ಸುಮಾರು ಎರಡು ಪಟ್ಟಾದರು! ಮೊದಲು ಟೀಚರ್ ಕಾಯುತ್ತಿರುತ್ತಾರೆ ಎಂಬ ಸಂಕೋಚ ಇತ್ತು. ದಂಡ ಬಂದ ಮೇಲೆ ಅದು ಒಂದು ಸೇವೆಯ ದರವಾಯಿತು, ಅದೂ ಅಗ್ಗದ ದರ. ದಂಡ ತೆಗೆದ ಮೇಲೂ ಹಳೆಯ ಸಂಕೋಚ ವಾಪಸ್ ಬರಲಿಲ್ಲ. ಯೂರಿ ಗ್ನೀಜಿ ಮತ್ತು ಆಲ್ಡೊ ರುಸ್ಟಿಚಿನಿ 2000ದಲ್ಲಿ ಇದನ್ನು ಪ್ರಕಟಿಸಿದರು.

ಹಾಗಂತ ದಂಡವೇ ಬೇಡ ಅಂತಲ್ಲ. ಜ್ಯೂರಿಕ್‌ನಲ್ಲಿ ಅರ್ನ್ಸ್ಟ್ ಫೆರ್ ಮತ್ತು ಸಂಗಡಿಗರು ಎಲ್ಲರೂ ಸೇರಿ ಒಂದು ಹುಂಡಿಗೆ ದುಡ್ಡು ಹಾಕುವ ಆಟಗಳನ್ನು ಆಡಿಸಿದರು. ಹುಂಡಿಗೆ ಬಿದ್ದದ್ದನ್ನು ಹೆಚ್ಚಿಸಿ, ಹಾಕಿದವರಿಗೂ ಹಾಕದವರಿಗೂ ಸಮನಾಗಿ ಹಂಚುತ್ತಾರೆ. ಸುಮಾರು ಅರ್ಧ ಮಂದಿ "ಬೇರೆಯವರು ಹಾಕಿದರೆ ನಾನೂ ಹಾಕುತ್ತೇನೆ" ಅನ್ನುವವರು. ಸುಮಾರು ಮೂರರಲ್ಲೊಬ್ಬರು ಏನೇ ಆದರೂ ಹಾಕುವುದಿಲ್ಲ. ಆಟ ಮುಂದುವರಿದಂತೆ ಆ ಮೂರನೆಯವರನ್ನು ನೋಡಿ ಉಳಿದವರೂ ಕೈ ಎಳೆದುಕೊಳ್ಳುತ್ತಾರೆ. ಹಾಕದೆ ತಪ್ಪಿಸಿಕೊಳ್ಳುವವರಿಗೆ ಜೊತೆಯವರೇ ದಂಡ ಹಾಕಬಹುದು ಎಂದಾದಾಗ ಹುಂಡಿ ಮತ್ತೆ ತುಂಬುತ್ತದೆ. ಹಳೆ ಮೈಸೂರಿನ ಕೆರೆಗಳ ನೀರುಗಂಟಿ ಮಾಡುತ್ತಿದ್ದುದು ಇದನ್ನೇ. ತೂಬು ಎತ್ತುವ ಅಧಿಕಾರ ಅವನೊಬ್ಬನದು. ಗೌಡನ ಗದ್ದೆಯಾದರೂ ಸರದಿ ಬಂದಾಗಲೇ ನೀರು ಅನ್ನುವುದು ಕಟ್ಟಳೆ. ಬರಗಾಲದಲ್ಲಿ ಎಷ್ಟು ಗದ್ದೆಗೆ ನೀರು ಅನ್ನುವುದನ್ನು ಊರಿನವರು ಕೂತು ತೀರ್ಮಾನಿಸುತ್ತಿದ್ದರು. ಕೊಳವೆಬಾವಿ ಬಂದ ಮೇಲೆ ಯಾರು ಎಷ್ಟು ಎತ್ತುತ್ತಾರೆ ಅನ್ನುವುದು ಕಾಣದಾಯಿತು. ಪಕ್ಕದವನು ಇನ್ನೂ ಆಳಕ್ಕೆ ಕೊರೆಸುತ್ತಾನೆ ಎಂಬ ನಿರೀಕ್ಷೆಯಲ್ಲಿ ಎಲ್ಲರೂ ಆಳಕ್ಕೆ ಇಳಿದರು.

ಚೀಟಿ ವ್ಯವಹಾರ ಇಷ್ಟು ವರ್ಷ ಹೇಗೆ ನಡೆಯುತ್ತಿದೆ?

ಮೊದಲ ತಿಂಗಳೇ ಚೀಟಿ ಎತ್ತಿದವರು ಕೊನೆಯವರೆಗೂ ಕಂತು ಕಟ್ಟುತ್ತಾರೆ ಎಂಬ ನಿರೀಕ್ಷೆಯಿಂದ. ಕಟ್ಟದಿದ್ದರೆ ಬೀದಿಯಲ್ಲಿ ತಲೆ ಎತ್ತಿ ಓಡಾಡಲಾಗದು ಎಂಬ ಅಂಜಿಕೆಯಿಂದ. ಬೀದಿ ಬಿಟ್ಟು ಹೋಗುವವರು ಹೆಚ್ಚಾದ ಊರುಗಳಲ್ಲಿ ನಡೆಸುವುದು ಕಷ್ಟ.

ಈ ಆಟಗಳನ್ನು ನಮ್ಮ ತರಗತಿಯಲ್ಲಿ ಆಡಿಸಬಹುದಾ?

ಧಾರಾಳವಾಗಿ. ಕೊನೆಮಾತಿನ ಆಟಕ್ಕೆ ಒಂದು ಪೀರಿಯಡ್ ಸಾಕು. ಚಾಕಲೇಟ್ ಬೇಡ, ಐವತ್ತೋ ನೂರೋ ನಿಜವಾದ ದುಡ್ಡು ಇರಲಿ. ಎಲ್ಲರಿಗೂ ಕೊಡಲಾಗದಿದ್ದರೆ ಆಟ ಮುಗಿದ ಮೇಲೆ ಲಾಟರಿ ಎತ್ತಿ ಒಂದೆರಡು ಜೋಡಿಗೆ ಕೊಡಿ, ಆದರೆ ಹಾಗೆಂದು ಮೊದಲೇ ಹೇಳಿ. ಯಾರಿಗೆ ಯಾರು ಜೋಡಿ ಅನ್ನುವುದು ಗುಟ್ಟಾಗಿರಬೇಕು, ಚೀಟಿಯಲ್ಲಿ ಹೆಸರಿನ ಬದಲು ಸಂಖ್ಯೆ ಬರೆಸಿ. ಇಲ್ಲದಿದ್ದರೆ ಗೆಳೆಯರು ಅರ್ಧ ಅರ್ಧ ಬರೆದು ಕೂರುತ್ತಾರೆ. ಸಂಖ್ಯೆಯ ಆಟವನ್ನು ಒಂದೇ ತರಗತಿಗೆ ಮೂರು ಸಲ ಆಡಿಸಿ. ಸರಾಸರಿ ಹೇಗೆ ಇಳಿಯುತ್ತ ಹೋಗುತ್ತದೆ ಎಂದು ಬೋರ್ಡಿನ ಮೇಲೆ ಬರೆಯುತ್ತಾ ಹೋದರೆ ಪಾಠವೇ ಬೇಕಾಗುವುದಿಲ್ಲ.

ಚಿಲ್ಲರೆ ಮೊದಲೇ ಹೊಂದಿಸಿಟ್ಟುಕೊಳ್ಳಿ, ನೋಟಿನಲ್ಲೇ. ನಾನು ಮೊದಲ ಸಲ ಆಡಿಸಿದಾಗ ಹತ್ತು ರೂಪಾಯಿ ನಾಣ್ಯಗಳನ್ನು ಒಯ್ದಿದ್ದೆ. ಗೆದ್ದ ಹುಡುಗ ಎಣಿಸಿ ನೋಡಿ, "ಸಾರ್, ಇದು ನಡೆಯಲ್ಲ, ಫೋನ್‌ಪೇ ಮಾಡಿ" ಅಂದ.